ಹಾಸಿಗೆಗೆ ತೊಡಿಸಿದ ಪ್ಲಾಸ್ಟಿಕ್ ಅಂಗಿ

ಕೆಲವರಿಗೆ ತಮ್ಮ ಸ್ಕೂಟರಿನ ಮೇಲೆ ಅಭಿಮಾನ, ಕೆಲವರಿಗೆ ತಮ್ಮ ಅಕ್ಷರದ ಮೇಲೆ. ನನಗೆ ಒಂದು ಕಾಲದಲ್ಲಿ ನಮ್ಮ ಮನೆಯ ಹಾಸಿಗೆಯ ಮೇಲೆ ಅಭಿಮಾನವಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಬಂದ ನೆಂಟರಿಗೆ ಕಾಫಿ ಕೊಟ್ಟ ಮೇಲೆ ಅವರನ್ನು ಮಲಗುವ ಕೋಣೆಯ ಬಾಗಿಲವರೆಗೆ ಕರೆದೊಯ್ದು, ಚಾದರದ ಒಂದು ತುದಿ ಎತ್ತಿ, "ನೋಡಿ, ಐದು ವರ್ಷ ಆಯ್ತು. ಒಂದೇ ಒಂದು ಕಲೆ ಇದೆಯಾ?" ಎಂದು ಕೇಳುತ್ತಿದ್ದೆ. ಕಲೆ ಎಲ್ಲಿಂದ ಬರಬೇಕು? ನಾನು ತೋರಿಸುತ್ತಿದ್ದುದು ಹಾಸಿಗೆಯನ್ನಲ್ಲ, ಅಂಗಡಿಯಿಂದ ಬರುವಾಗ ಅದಕ್ಕೆ ತೊಡಿಸಿದ್ದ ಪ್ಲಾಸ್ಟಿಕ್ ಕವರನ್ನು. ದಪ್ಪನೆಯ, ಹಾಲುಬಣ್ಣದ, ಮೈತುಂಬ ಗುಲಾಬಿ ಹೂವಿನ ಅಚ್ಚಿದ್ದ ಕವರು. ಅದನ್ನು ನಾನು ಬಿಚ್ಚಿಯೇ ಇರಲಿಲ್ಲ.

ಇದರಲ್ಲಿ ನನ್ನ ಊರಿನ ತಪ್ಪೂ ಸ್ವಲ್ಪ ಇದೆ. ನಾನು ಚಳ್ಳಕೆರೆಯವನು. ನಮ್ಮ ಕಡೆ ಹಾಸಿಗೆಗೆ ಶತ್ರು ಎಂದರೆ ಧೂಳು ಒಂದೇ. ಬೇಸಿಗೆಯ ಗಾಳಿ ಎದ್ದರೆ ಹಾಸಿಗೆಯೇನು, ಮುಚ್ಚಿಟ್ಟ ಮೊಸರಿನ ಮೇಲೂ ಕೆಂಪು ಧೂಳು ಕೂರುತ್ತದೆ. ಬ್ಯಾಂಕಿನ ಕೆಲಸ ನನ್ನನ್ನು ತಿರುವನಂತಪುರಕ್ಕೆ ತಂದು ಹಾಕಿದಾಗ ನಾವು ಮೊದಲು ಕೊಂಡ ದೊಡ್ಡ ವಸ್ತು ಆ ತೆಂಗಿನ ನಾರಿನ ಹಾಸಿಗೆ. ಅಂಗಡಿಯವನು, "ಸಾರೇ, ಒಳಗೆ ಧೂಳು ಹೋಗದ ಹಾಗೆ ನೋಡಿಕೊಂಡರೆ ಹದಿನೈದು ವರ್ಷ ಬರುತ್ತೆ" ಎಂದ. ನಾನು ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡೆ. ಅವನು ಎಲ್ಲ ಗಿರಾಕಿಗಳಿಗೂ ಹಾಗೆಯೇ ಹೇಳುತ್ತಾನೆ ಎಂದು ನನ್ನ ಹೆಂಡತಿ ಸುಧಾ ಆಗಲೇ ಎಚ್ಚರಿಸಿದ್ದಳು.

ಪ್ಲಾಸ್ಟಿಕ್ಕಿನ ಮೇಲೆ ಮಲಗುವುದು ಸುಖವಾಗಿತ್ತು ಎಂದು ಹೇಳಲಾರೆ. ಮಗ್ಗುಲು ಬದಲಿಸಿದರೆ ಯಾರೋ ಚುರುಮುರಿ ಪೊಟ್ಟಣ ಬಿಚ್ಚಿದ ಸದ್ದು. "ಬೇಕರಿಯ ಬ್ರೆಡ್ಡಿನ ಮೇಲೆ ಮಲಗಿದ ಹಾಗಾಗುತ್ತೆ ರೀ, ತೆಗೆದು ಬಿಸಾಕ್ರಿ ಅದನ್ನ" ಎಂದು ಸುಧಾ ಮೊದಲ ವರ್ಷ ವಾರಕ್ಕೊಮ್ಮೆ, ಎರಡನೆಯ ವರ್ಷ ತಿಂಗಳಿಗೊಮ್ಮೆ ಹೇಳಿ, ಮೂರನೆಯ ವರ್ಷದಿಂದ ಹೇಳುವುದನ್ನೇ ಬಿಟ್ಟಳು. ಅದನ್ನು ನಾನು ನನ್ನ ಗೆಲುವು ಎಂದುಕೊಂಡಿದ್ದೆ.

ಆಮೇಲೆ ಕೊಚ್ಚಿಗೆ ವರ್ಗವಾಯಿತು. ತ್ರಿಪ್ಪುಣಿತ್ತುರದಲ್ಲಿ ಒಂದು ತಾರಸಿ ಮನೆ ಸಿಕ್ಕಿತು. ಹಾಸಿಗೆ ಹೇಗೂ ಕವರಿನೊಳಗೇ ಇದ್ದುದರಿಂದ ಲಾರಿಗೆ ಏರಿಸುವುದು ಸುಲಭವಾಯಿತು, ಅದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಲ್ಲಿಯ ಎರಡನೆಯ ಮಳೆಗಾಲದಲ್ಲಿ ನಮ್ಮ ಆರು ವರ್ಷದ ಮಗಳು ಮೇಘಾಗೆ ಸೀನು ಶುರುವಾಯಿತು. ನಮ್ಮಿಬ್ಬರ ನಡುವೆ ಮಲಗುವ ಮಗು ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹನ್ನೆರಡು ಸಲ ಸೀನುವಳು. ಕಣ್ಣು ಕೆಂಪು, ಮೂಗು ಕೆಂಪು. ಕೋಣೆಯಲ್ಲಿ ಒಂದು ತರಹದ ಮುಗ್ಗಲು ವಾಸನೆಯೂ ಇತ್ತು. ನಾನು ಅಪರಾಧಿಗಳನ್ನು ಹುಡುಕಲು ಹೊರಟೆ. ಮೊದಲು ಐಸ್‌ಕ್ರೀಮ್ ನಿಲ್ಲಿಸಿದೆ. ಸುಧಾಳ ಊದುಬತ್ತಿ ನಿಲ್ಲಿಸಿದೆ. ಪಕ್ಕದ ಮನೆಯ ಬೆಕ್ಕು ನಮ್ಮ ಕಿಟಕಿಯಲ್ಲಿ ಕೂರದಂತೆ ಜಾಲರಿ ಹಾಕಿಸಿದೆ. ವಾಸನೆಯ ಹೊಣೆಯನ್ನು ರಸ್ತೆಯಾಚೆಯ ಮೋರಿಗೆ ಹೊರಿಸಿದೆ. ಇಷ್ಟಾದರೂ ಒಂದು ಬೆಳಿಗ್ಗೆ ಮಗು ಎದ್ದಾಗ ಅವಳ ಎದೆಯಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತಿತ್ತು. ನಾನು ಬ್ಯಾಂಕಿಗೆ ರಜೆ ಹೇಳಿದೆ.

ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು, ಮೆಲುಮಾತಿನವರು. ಎದೆ ಪರೀಕ್ಷಿಸಿ, ಮನೆಯ ವಿಚಾರವೆಲ್ಲ ಕೇಳುತ್ತ ಬಂದು, ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತೀರಾ ಎಂದರು. ನನಗೆ ಬೇಕಾದ ಪ್ರಶ್ನೆ! "ಅದರ ಅಗತ್ಯವೇ ಇಲ್ಲ ಡಾಕ್ಟರ್. ಐದು ವರ್ಷದಿಂದ ಕಂಪನಿಯ ಪ್ಲಾಸ್ಟಿಕ್ಕಿನೊಳಗೇ ಇದೆ" ಎಂದೆ. ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಈ ಹವೆಯಲ್ಲಿ? ಐದು ವರ್ಷ?" ಎಂದು ನಿಧಾನವಾಗಿ ಕೇಳಿ, "ಔಷಧಿ ಬರೆದುಕೊಡುತ್ತೇನೆ. ಆದರೆ ಇವತ್ತೇ ಮನೆಗೆ ಹೋಗಿ ಅದನ್ನು ಬಿಚ್ಚಿ ನೋಡಿ. ಮಗುವನ್ನು ದೂರ ನಿಲ್ಲಿಸಿ" ಎಂದರು. ದೂರ ನಿಲ್ಲಿಸಿ ಎಂದ ರೀತಿ ಒಳಗೆ ಹಾವಿದೆಯೇನೋ ಎನ್ನುವಂತಿತ್ತು.

ಅಂದು ಅದೃಷ್ಟಕ್ಕೆ ಬಿಸಿಲಿತ್ತು. ಹಾಸಿಗೆಯನ್ನು ತಾರಸಿಗೆ ಹೊರಲು ಪಕ್ಕದ ಮನೆಯ ಭಾರ್ಗವಿ ಚೇಚಿಯೂ, ಎಂದರೆ ಭಾರ್ಗವಿ ಅಕ್ಕನೂ, ಕೈಜೋಡಿಸಿದರು. ನಿವೃತ್ತ ನರ್ಸು, ಬೆಕ್ಕು ಅವರದೇ. ನಾನು ಕತ್ತರಿ ತೆಗೆದುಕೊಂಡು, ಹೊಲಿಗೆ ಹಾಳಾಗದಂತೆ ಬಹಳ ಜೋಪಾನವಾಗಿ ಕವರಿನ ಅಂಚನ್ನು ಕತ್ತರಿಸುತ್ತ ಹೋದೆ. ಒಳಗಿನಿಂದ ಬಿಸಿ ಗಾಳಿಯೊಂದು ಮುಖಕ್ಕೆ ಹೊಡೆಯಿತು, ಮರೆತುಹೋದ ಒದ್ದೆ ಕಾಲುಚೀಲದ ವಾಸನೆ. ಸುಧಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕವರಿನ ಒಳಮೈಯಲ್ಲಿ ನೀರಿನ ಹನಿಗಳು ಸಾಲಾಗಿ ನಿಂತಿದ್ದವು. ಚೇಚಿ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಅದನ್ನು ಸರ್ರನೆ ಎಳೆದೆವು.

ನನ್ನ ಕೈಯಿಂದ ಕತ್ತರಿ ಬಿತ್ತು.

ಹಾಸಿಗೆಯ ಎಡಭಾಗ, ಎಂದರೆ ನಾನು ಮಲಗುವ ಭಾಗ, ಕಪ್ಪು ಹಸಿರು ಬೂಷ್ಟಿನಿಂದ ತುಂಬಿತ್ತು. ಸುಮ್ಮನೆ ತುಂಬಿದ್ದರೆ ಸಹಿಸಬಹುದಿತ್ತು. ಅದಕ್ಕೊಂದು ಆಕಾರವಿತ್ತು. ತಲೆ, ಅಗಲ ಬೆನ್ನು, ಮಡಿಸಿದ ಒಂದು ಮೊಣಕಾಲು, ಅಂಚಿನವರೆಗೆ ಚಾಚಿದ ಒಂದು ಕೈ. ಸುಧಾ ಮಲಗುವ ಕಡೆ ಅಲ್ಲೊಂದು ಇಲ್ಲೊಂದು ಚುಕ್ಕೆ. ನಡುವೆ ಮಗು ಮಲಗುವ ಜಾಗಕ್ಕೆ ಆ ಬೂಷ್ಟು ಮೊಳದಷ್ಟು ದೂರ ಹರಡಿ, ಅವಳ ದಿಂಬು ಇಡುವ ಕಡೆ ಬಂದು ನಿಂತಿತ್ತು. ಮೆಟ್ಟಿಲ ಬಾಗಿಲಲ್ಲಿ ನಿಲ್ಲಿಸಿದ್ದ ಮೇಘಾ ಅಲ್ಲಿಂದಲೇ ಕತ್ತು ಚಾಚಿ ನೋಡಿ, ಶಾಲೆಯ ಮಲಯಾಳದಲ್ಲಿ ಕೂಗಿದಳು: "ಇದ್ ಅಪ್ಪಯಾಣ್!" ಇದು ಅಪ್ಪನೇ!

ಭಾರ್ಗವಿ ಚೇಚಿ ನಗು ತಡೆಯಲು ಆಕಾಶ ನೋಡಿದರು. ಸುಧಾ ನಗಲಿಲ್ಲ. ಆ ಕೈಯ ಆಕಾರವನ್ನೂ ದಿಂಬಿನ ಜಾಗವನ್ನೂ ನೋಡುತ್ತ, "ಬೆಕ್ಕಿಗೆ ಜಾಲರಿ ಹಾಕಿಸಿದ್ರಿ" ಎಂದಳು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ವರ್ಷಗಟ್ಟಲೆ ಸವೆದ ಕವರಿನ ಸಣ್ಣ ಬಿರುಕುಗಳಲ್ಲಿ ಇಳಿದ ನನ್ನ ಬೆವರನ್ನೇ ಕಾಪಾಡಿಟ್ಟು, ಅದನ್ನು ಮಗಳು ಉಸಿರಾಡುವಂತೆ ಮಾಡಿದ್ದೆ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆಗ ನನ್ನ ಮೊಬೈಲಿನಲ್ಲಿ ಕ್ಯಾಮೆರಾ ಇರಲಿಲ್ಲ, ಅದೊಂದು ಪುಣ್ಯ.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಆವೇಶ ಬಂದವನಂತೆ ಬಕೆಟ್ ನೀರು ತಂದೆ. ಚೇಚಿ ನನ್ನ ಮಣಿಕಟ್ಟು ಹಿಡಿದರು. "ಅಯ್ಯೋ, ವೇಂಡ ಸಾರೇ, ಬೇಡ! ನೀರು ಕುಡಿದೇ ಅಲ್ಲವೇ ಇದು ಹೀಗಾಗಿದ್ದು?" ಆಮೇಲೆ ಅವರು ಹೇಳಿದಂತೆ ಮಾಡಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಒಣ ಬ್ರಷ್ಷಿನಿಂದ ಬೂಷ್ಟು ಉಜ್ಜಿದೆ. ವಿನೆಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದೆ. ಅಡಿಗೆ ಸೋಡಾ ಉದುರಿಸಿ, ಬಿಸಿಲಿಗೆ ಬಿಟ್ಟು, ಕೊಡವಿದೆ. ನನ್ನ ತಲೆಯನ್ನು ನಾನೇ ಉಜ್ಜಿದೆ, ನನ್ನ ಬೆನ್ನನ್ನು ನಾನೇ ಉಜ್ಜಿದೆ. ಮೋಡ ಬಂದಾಗಲೆಲ್ಲ ಹಾಸಿಗೆ ಮೆಟ್ಟಿಲ ಬಾಗಿಲಿಗೆ, ಬಿಸಿಲು ಬಂದಾಗ ಮತ್ತೆ ಹೊರಗೆ. ಮೂರು ದಿನ ಹೀಗೆ ನಡೆಯಿತು. ಎದುರು ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕಲು ಯಾವತ್ತೂ ಬಾರದ ಜನ ಆ ಮೂರು ದಿನ ತಪ್ಪದೆ ಬಂದರು.

ಆಕಾರ ಮಸುಕಾಯಿತು, ಹೋಗಲಿಲ್ಲ. ಆದರೂ ನನ್ನ ಮನಸ್ಸು ಒಪ್ಪಬೇಕಲ್ಲ! "ಇನ್ನೂ ಹತ್ತು ವರ್ಷ ಬಾಳಿಕೆ ಬರೋ ಮಾಲು ಕಣೇ" ಎಂದೆ. ಸುಧಾ ಶಾಂತವಾಗಿ, "ಹಾಗಾದ್ರೆ ನೀವೊಬ್ಬರೇ ಹಾಲ್‌ನಲ್ಲಿ ಅದರ ಮೇಲೆ ಮಲಗಿ. ನಾನೂ ಮಗೂನೂ ಚಾಪೆ ಮೇಲೆ ಮಲಗ್ತೀವಿ" ಎಂದಳು. ಎರಡು ಬೆಳಗು ಕಳೆದವು. ಚಾಪೆಯ ಮೇಲಿನ ಮಗು ಒಂದು ಸಲವೂ ಸೀನಲಿಲ್ಲ. ನಾನು ಎರಡನೆಯ ದಿನ ಹದಿನಾಲ್ಕು ಸಲ ಸೀನಿದೆ. ಪಕ್ಕದಲ್ಲಿ ನಿಂತು ಎಣಿಸಿದವಳು ಮೇಘಾ, ಕನ್ನಡದಲ್ಲೇ ಎಣಿಸಿದಳು. ಅವಳ ಬಾಯಲ್ಲಿ ಅಷ್ಟು ಕನ್ನಡ ಕೇಳಿದ್ದು ಬಹಳ ದಿನಗಳ ಮೇಲೆ. ಅಂದೇ ಹಾಸಿಗೆಯನ್ನು ಸಾಗಹಾಕಿದೆ. ಎಡಪ್ಪಳ್ಳಿಯ ಅಂಗಡಿಯಿಂದ ಹೊಸದು ತಂದು, ಮಂಚಕ್ಕೆ ಹಾಕುವ ಮೊದಲೇ ಕವರು ಹರಿದು, ತೊಳೆಯಬಹುದಾದ ಹತ್ತಿಯ ಗವಸು ತೊಡಿಸಿದೆವು. ಭಾರ್ಗವಿ ಚೇಚಿಯ ಬೆಕ್ಕಿನ ಜಾಲರಿಯನ್ನೂ ಬಿಚ್ಚಿದೆ. ಬೆಕ್ಕು ಮಾತ್ರ ಕ್ಷಮಿಸಿದಂತೆ ಕಾಣಲಿಲ್ಲ.

ಅಂದಿನಿಂದ ಭಾನುವಾರ ಬಿಸಿಲು ಬಿದ್ದರೆ ಹಾಸಿಗೆ ತಾರಸಿಯಲ್ಲಿ. ಇದನ್ನು ನೋಡಿ ಬೀದಿಯಲ್ಲಿ ನನಗೆ ಹಾಸಿಗೆ ತಜ್ಞನೆಂಬ ಹೆಸರು ಬಂತು. ಹೊಸದಾಗಿ ಬಾಡಿಗೆಗೆ ಬಂದವರನ್ನು ಚೇಚಿ ನನ್ನ ಬಳಿಗೇ ಕಳಿಸತೊಡಗಿದರು. ಮೊನ್ನೆ ಹುಬ್ಬಳ್ಳಿಯ ಒಬ್ಬ ಐಟಿ ಹುಡುಗ ಹೆಂಡತಿಯೊಂದಿಗೆ ಬಂದಿದ್ದ. ನಾನು ಗಂಟಲು ಸರಿಮಾಡಿಕೊಂಡು ಬ್ರಷ್ಷು, ಸೋಡಾ, ಬಿಸಿಲು ಎಲ್ಲ ವಿವರಿಸಿ, "ಮೊದಲು ಪ್ಲಾಸ್ಟಿಕ್ ಕವರು ತೆಗೆಯಬೇಕು. ನಮ್ಮ ಬ್ಯಾಂಕಿನಲ್ಲಿ ಒಬ್ಬ ಮಹಾಶಯ ಐದು ವರ್ಷ ತೆಗೆದೇ ಇರಲಿಲ್ಲ" ಎಂದು ಅವನ ಕಥೆಯನ್ನು ರಸವತ್ತಾಗಿ ಹೇಳಿದೆ. ಗಂಡ ಹೆಂಡತಿ ಹೊಟ್ಟೆ ಹಿಡಿದು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಹುಡುಗ ಕಣ್ಣೊರೆಸಿಕೊಳ್ಳುತ್ತ, "ಇಂಥಾ ಮಂದೀನೂ ಇರ್ತಾರೇನ್ರೀ ಸರ? ಈಗ ಎಲ್ಲಿದ್ದಾರ್ರೀ ಅವರು?" ಎಂದು ಕೇಳಿದ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸುಧಾ ಉತ್ತರಕ್ಕಾಗಿ ಕಾಯುತ್ತಿದ್ದಳು.

"ಪಾಪ, ಟ್ರಾನ್ಸ್‌ಫರ್ ಆಗಿ ಹೋದರು" ಎಂದೆ.