ಹೋಗಿ ಬನ್ನಿ ಎನ್ನುವ ಬಟನ್

ಕಂಪ್ಯೂಟರಿಗೆ ಹೆದರುವ ಜನ ಇರುವವರೆಗೂ ನನಗೆ ಊಟಕ್ಕೂ ಕೊರತೆಯಿಲ್ಲ, ನಗುವಿಗೂ ಕೊರತೆಯಿಲ್ಲ. ಒಂದು ಪ್ರಸಂಗ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ನಡೆದಿರುತ್ತದೆ. ನನ್ನ ಕೆಲಸ ಇಷ್ಟೇ. ಅಂಗಡಿ, ಸಂಘ, ಛತ್ರಗಳ ವಿವರವೆಲ್ಲ ಕಂಪ್ಯೂಟರಿನ ಡೇಟಾಬೇಸಿನಲ್ಲಿ ಕೂತಿರುತ್ತದೆ. ಗೊತ್ತಿಲ್ಲದವರು ಅದರೊಳಕ್ಕೆ ನೇರವಾಗಿ ಕೈಹಾಕಿದರೆ ಎಲ್ಲ ಕಲಸುಮೇಲೋಗರ. ಹಾಗಾಗಿ ಎದುರಿಗೆ ಒಂದು ಮೆನು ಪುಟ ಮಾಡಿ, ದೊಡ್ಡ ದೊಡ್ಡ ಬಟನ್ ಇಟ್ಟು, ಇಲ್ಲಿ ಒತ್ತಿದರೆ ಇದು, ಅಲ್ಲಿ ಒತ್ತಿದರೆ ಅದು ಎಂದು ದಾರಿ ತೋರಿಸುತ್ತೇನೆ.

ಈ ಕಸುಬಿನಲ್ಲಿ ಮೆನು ಕೆಟ್ಟದಾಗಿದ್ದರೆ ದಿನಾ ಫೋನ್ ಬರುತ್ತದೆ, ಚೆನ್ನಾಗಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ನಾನೀಗ ಚೆನ್ನಾಗಿ ಮಾಡುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಚನ್ನಗಿರಿಯಲ್ಲಿ ಒಂದು ಮಹಡಿ ಕೋಣೆ ಹಿಡಿದು ಒಬ್ಬನೇ ಇದ್ದೇನೆ. ದಿನವಿಡೀ ಫೋನು ಸುಮ್ಮನೆ ಬಿದ್ದಿದ್ದರೆ, ಕೆಲಸ ಚೆನ್ನಾಗಿದೆ ಎಂದು ಖುಷಿಪಡಬೇಕೋ, ಮಾತಾಡಿಸುವವರಿಲ್ಲ ಎಂದು ಬೇಸರಪಡಬೇಕೋ ತಿಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಬೇಸರವೇ ಹೆಚ್ಚು.

ಜಗಳೂರಿನ ಕುರಿ

ಜಗಳೂರಿನ ಕಡೆ ಕುರಿ ಸಾಕುವವರ ಸಂಘವೊಂದಕ್ಕೆ ಮೆನು ಮಾಡಿಕೊಟ್ಟಿದ್ದೆ. ಪ್ರತಿ ಕುರಿಗೂ ಕಿವಿಯಲ್ಲೊಂದು ನಂಬರಿನ ಓಲೆ, ಕಂಪ್ಯೂಟರಿನಲ್ಲಿ ಒಂದು ಸಾಲು. ಕುರಿ ಸತ್ತರೆ 'ತೆಗೆದುಹಾಕಿ' ಎಂಬ ಬಟನ್ ಒತ್ತಬೇಕು. ಯಾರಾದರೂ ಕೈತಪ್ಪಿ ಒತ್ತಿಬಿಟ್ಟಾರು ಎಂದು ನಾನು ಜಾಣತನ ಮಾಡಿ, 'ಖಂಡಿತ ತೆಗೆಯಬೇಕೇ? ಹೌದು, ಇಲ್ಲ' ಎಂದು ಅದು ಕೇಳುವ ಹಾಗೆ ಮಾಡಿದ್ದೆ.

ಒಂದು ಬೆಳಿಗ್ಗೆ ಅಲ್ಲಿನ ಗುಮಾಸ್ತರು ಫೋನ್ ಮಾಡಿ ಕಂಪ್ಯೂಟರ್ ನಿಂತುಹೋಗಿದೆ ಎಂದರು. ಬಸ್ಸು ಹಿಡಿದು ಹೋದರೆ ಅದೇನೂ ನಿಂತಿರಲಿಲ್ಲ. ಸತ್ತ ಕುರಿಯೊಂದನ್ನು ತೆಗೆಯಲು ಹೋಗಿ ಪರದೆಯ ಮೇಲೆ ನನ್ನ ಪ್ರಶ್ನೆ ಹಾಗೇ ಇತ್ತು, ಗುಮಾಸ್ತರು ಅದರೆದುರು ಕೈಕಟ್ಟಿ ಕೂತಿದ್ದರು, ಬೇರೆ ಕೆಲಸಕ್ಕೆ ಬಂದವರು ಜಗಲಿಯ ತುಂಬ ಕಾಯುತ್ತಿದ್ದರು. ಹೌದು ಅಂತ ಒತ್ತಿ ಎಂದೆ.

"ನಾ ಹೆಂಗೆ ಒತ್ಲಿ? ಕುರಿ ಅವ್ರದು. ಹೌದು ಅನ್ನಾಕೆ ನಾನ್ಯಾರ್ರೀ?" ಎಂದರು. ಕುರಿಯ ಯಜಮಾನನಿಗೆ ಆಗಲೇ ಹೇಳಿ ಕಳಿಸಿದ್ದರು. ಅವನು ಮಂದೆ ಬಿಟ್ಟು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಪ್ರಶ್ನೆಯನ್ನು ಓದಿಸಿ ಕೇಳಿದ, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ಇಲ್ಲ ಅಂತ ಒತ್ತಿದ್ರೆ ವಾಪಸ್ ಬರ್ತೈತೇನ್ರೀ?"

ಹೊನ್ನಾಳಿಯ ಈಶಾನ್ಯ ಮೂಲೆ

ಹೊನ್ನಾಳಿಯ ಮದುವೆ ಛತ್ರವೊಂದರ ಮ್ಯಾನೇಜರಿಗೆ ವಾಸ್ತು ಎಂದರೆ ಪ್ರಾಣ. ಪರದೆಯೂ ಒಂದು ಸೈಟೇ ಎಂಬುದು ಅವರ ವಾದ. ಹೊಸ ಬುಕಿಂಗ್ ಬಟನ್ ಈಶಾನ್ಯಕ್ಕಿರಬೇಕು, ಅಡುಗೆ ಸಾಮಾನಿನದು ಆಗ್ನೇಯಕ್ಕೆ, ರದ್ದು ಮಾಡುವುದು ದಕ್ಷಿಣಕ್ಕೆ. ಅವರು ಬಾಗಿಲ ಕಡೆಗೆ, ಅಂದರೆ ಪೂರ್ವಕ್ಕೆ ಮುಖ ಮಾಡಿ ಕೂರುತ್ತಿದ್ದರಿಂದ ಪರದೆಯ ಎಡ ಮೇಲ್ಮೂಲೆಯೇ ಈಶಾನ್ಯ ಎಂದು ಇಬ್ಬರೂ ಲೆಕ್ಕ ಹಾಕಿ ಹಾಗೇ ಜೋಡಿಸಿದೆವು.

ವರ್ಷದೊಳಗೆ ಛತ್ರದ ಬಾಗಿಲನ್ನು ಪಶ್ಚಿಮದ ರಸ್ತೆಯ ಕಡೆಗೆ ಬದಲಿಸಿದರು. ಬಂದವರ ಮುಖ ನೋಡಲು ಮೇಜು ತಿರುಗಿಸಿದರೆ ಹೊಸ ಬುಕಿಂಗ್ ನೈರುತ್ಯಕ್ಕೆ ಬಿತ್ತು. ಮ್ಯಾನೇಜರು ಗಾಬರಿಯಾಗಿ ಫೋನ್ ಮಾಡಿದರು. ಹೊಸದಾಗಿ ಜೋಡಿಸಿಕೊಡುತ್ತೇನೆ ಎಂದರೂ ಒಪ್ಪಲಿಲ್ಲ, ಒಮ್ಮೆ ಕೂಡಿಬಂದ ಮೆನು ಕದಲಿಸಬಾರದಂತೆ. ಮೇಜನ್ನೇ ಮೊದಲಿನ ಹಾಗೆ ತಿರುಗಿಸಿಕೊಂಡರು. ಈಗ ಅವರು ಗೋಡೆ ನೋಡಿಕೊಂಡು ಕೂರುತ್ತಾರೆ, ಮದುವೆಯವರು ಅವರ ಬೆನ್ನಿನ ಜೊತೆ ಮಾತಾಡುತ್ತಾರೆ. ಬುಕಿಂಗ್ ಮಾತ್ರ ಜೋರಾಗಿದೆಯಂತೆ.

ನ್ಯಾಮತಿಯ ಪಾತ್ರೆ ಅಂಗಡಿ

ನ್ಯಾಮತಿಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯನ್ನು ಒಬ್ಬ ಹಿರಿಯ ಹೆಂಗಸು ನಡೆಸುತ್ತಾರೆ. ಊರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತದೆ. ಮೆನುವಿನ ಬಟನ್ನುಗಳನ್ನೆಲ್ಲ ಬೇಗ ಕಲಿತರು, ಕೊನೆಯದೊಂದನ್ನು ಬಿಟ್ಟು. ಸಂಜೆ ಕೆಲಸ ಮುಗಿದ ಮೇಲೆ 'ಹೊರಗೆ ಹೋಗಿ' ಎಂಬುದನ್ನು ಒತ್ತದೆ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು. ಮರುದಿನ ನೋಡಿದರೆ ಹಿಂದಿನ ದಿನ ಬರೆದಿದ್ದರಲ್ಲಿ ಅರ್ಧ ಮಾಯ. ಬಟನ್ ಕಾಣುತ್ತಿಲ್ಲವೇನೋ ಎಂದು ದೊಡ್ಡದು ಮಾಡಿದೆ, ಕೆಂಪು ಬಣ್ಣ ಬಳಿದೆ. ಊಹೂಂ. ಕೊನೆಗೆ ಹೋಗಿ ಕೇಳಿದೆ.

"ದೀಪ ಹಚ್ಚೋ ಹೊತ್ನಾಗೆ ಹೋಗ್ತೀನಿ ಅನ್ನಬಾರ್ದು ಸಾರ್. ನಿಮ್ಮನೇಲೂ ಅನ್ನಲ್ಲ, ನಮ್ಮನೇಲೂ ಅನ್ನಲ್ಲ. ಹೋಗಿ ಬರ್ತೀನಿ ಅನ್ಬೇಕು."

ಮಾತು ನಿಜ. ಅಲ್ಲೇ ಕೂತು ಬಟನ್ನಿನ ಮೇಲೆ 'ಹೋಗಿ ಬರ್ತೀನಿ' ಎಂದು ಬರೆದೆ. ಖಾಲಾ ಸಂತೋಷದಿಂದ ಒತ್ತಿದರು. ಮೆನು ಮುಚ್ಚಿಕೊಂಡಿತು. ಅವರು ಮಾತ್ರ ಏಳದೆ ಪರದೆಯನ್ನೇ ನೋಡುತ್ತ ಕೂತರು. ಇನ್ನೇನು ಎಂದು ಕೇಳಿದರೆ, ಅದು ಏನೂ ಅನ್ನಲಿಲ್ಲವಲ್ಲ ಎಂದರು. "ಹೋಗಿ ಬರ್ತೀನಿ ಅಂದೋರಿಗೆ ಹೋಗಿ ಬನ್ನಿ ಅನ್ಬೇಕಾ ಬ್ಯಾಡ್ವಾ? ಉತ್ತರ ಬರ್ಲಿಲ್ಲ ಅಂದ್ರೆ ಕಾಲು ಹೆಂಗೆ ಏಳ್ತಾವೆ?"

ಧ್ವನಿ ಸೇರಿಸಿಕೊಡುತ್ತೇನೆ ಎಂದು ಹೊರಟೆ. ಬಸ್ಸಿನಲ್ಲಿ ಅದೇ ಯೋಚನೆ. ನಾನು ಊರೂರು ತಿರುಗಲು ಹೊರಟಾಗ ನನ್ನ ಹೆಂಡತಿ ಬಾಗಿಲಿಗೆ ಬಂದು ಹೋಗಿ ಬನ್ನಿ ಎನ್ನುತ್ತಿದ್ದಳು. ಈಗ ಬೀಗ ಹಾಕಿ ಸುಮ್ಮನೆ ಮೆಟ್ಟಿಲಿಳಿದು ಬರುತ್ತೇನೆ. ನನ್ನ ಕಾಲು ಹೆಂಗೆ ಏಳುತ್ತವೆ ಎಂದು ಯಾರೂ ಕೇಳಿರಲಿಲ್ಲ.

ನನ್ನ ಕೋಣೆಯಲ್ಲಿ

ಭಾನುವಾರ ಮಧ್ಯಾಹ್ನ ಕೋಣೆಯಲ್ಲಿ ಕೂತು ನನ್ನದೇ ಧ್ವನಿಯಲ್ಲಿ "ಆಯ್ತು, ಹೋಗಿ ಬನ್ನಿ" ಎಂದು ರೆಕಾರ್ಡ್ ಮಾಡಿ ಆ ಬಟನ್ನಿಗೆ ಜೋಡಿಸಿದೆ. ಮೊದಲು ತೀರಾ ಮೆಲ್ಲಗೆ ಕೇಳಿತು, ಆಮೇಲೆ ಗದರಿದ ಹಾಗೆ ಕೇಳಿತು. ತಿದ್ದಿ ತಿದ್ದಿ ಒತ್ತಿ ನೋಡಿದೆ. ಸರಿಹೋದ ಮೇಲೂ ಒತ್ತುತ್ತಲೇ ಇದ್ದೆ. ಧ್ವನಿ ನನ್ನದೇ ಆದರೂ ಕೋಣೆಯಲ್ಲಿ ಒಬ್ಬರು ಮಾತಾಡಿಸಿದ ಹಾಗಾಗಿ ಹಿತವಾಗಿತ್ತು.

ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಯಜಮಾನಿ ತಟ್ಟೆಯಲ್ಲಿ ಎರಡು ಲೋಟ ಕಾಫಿ ಇಟ್ಟುಕೊಂಡು ನಿಂತಿದ್ದರು. "ಆಗ್ಲಿಂದ ಹೋಗಿ ಬನ್ನಿ, ಹೋಗಿ ಬನ್ನಿ ಅಂತಿದೀರಿ. ಬರೀ ಬಾಯಲ್ಲಿ ಕಳಿಸಿದ್ರೆ ಯಾರು ಏಳ್ತಾರ್ರೀ?" ಎನ್ನುತ್ತ ಒಳಗೆ ಇಣುಕಿದರು. ಒಂದೇ ಕುರ್ಚಿ, ಒಂದು ಕಂಪ್ಯೂಟರು.

"ಹೋದ್ರಾ?" ಎಂದರು.

ಈಗ ತಾನೇ ಹೋದರು ಎಂದೆ. ಬಟನ್ನಿನ ಕಥೆ ಹೇಳಬಹುದಿತ್ತು, ಆದರೆ ಕಾಫಿ ಎರಡು ಲೋಟ ಇತ್ತು, ಹೇಳಲು ಮನಸ್ಸಾಗಲಿಲ್ಲ. ಅಪರೂಪಕ್ಕೆ ನಿಮ್ಮಲ್ಲಿಗೂ ಒಬ್ಬರು ಬಂದಿದ್ದರಲ್ಲ ಎಂದು ಅವರು ಪೇಚಾಡಿಕೊಂಡರು. ಮತ್ತೆ ಬರುತ್ತಾರಾ ಎಂದು ಕೇಳಿದರು. ನಾಳೆ ಬರುತ್ತಾರೆ ಎಂದು ಎರಡೂ ಲೋಟ ಇಸಿದುಕೊಂಡೆ.

ಮೆಟ್ಟಿಲು ಇಳಿಯುತ್ತಿದ್ದವರು ಅರ್ಧದಲ್ಲೇ ನಿಂತು ತಿರುಗಿ ಹೇಳಿದರು: "ಹಂಗಾದ್ರೆ ನಾಳೆ ಇಬ್ರಿಗೂ ಊಟ ಮಾಡಿರ್ತೀನಿ. ಅವ್ರನ್ನ ಬೇಗ ಕಳಿಸ್ಬ್ಯಾಡ್ರಿ."