ಎರಡು ಅಂಕದ ಪ್ರಶ್ನೆ

ಕಪ್ಪು ಹಲಗೆಯ ಮೇಲೆ ಚರ್ಮದ ಚಿತ್ರ ಬರೆಯುವುದರಲ್ಲಿ ನಾನು ಎತ್ತಿದ ಕೈ. ಇದು ಜಂಬವಲ್ಲ, ತಪ್ಪೊಪ್ಪಿಗೆ. ನಾರಾಯಣಖೇಡದ ಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಉರ್ದು. ಮೂರರಲ್ಲೂ ನನ್ನ ಬಾಯಿ ಜೋರು. ಮೇಲ್ಪದರ, ಒಳಪದರ, ಅದರೊಳಗೆ ನರದ ತುದಿಗಳು ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಸುಟ್ಟಗಾಯ ತೀರಾ ಆಳಕ್ಕಿಳಿದರೆ ನರಗಳೂ ಸತ್ತು ನೋವೇ ತಿಳಿಯುವುದಿಲ್ಲ, ಎಲ್ಲಕ್ಕಿಂತ ಕೆಟ್ಟ ಗಾಯ ಅದೇ ಎಂದು ಪ್ರತಿವರ್ಷ ಹೇಳುತ್ತೇನೆ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ಬರೆಯದವರ ಮೇಲೆ ನಾನು ಕೂಗಾಡುವುದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸುತ್ತದಂತೆ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ನನ್ನ ಹೆಂಡತಿ ಶಾಂತಮ್ಮ ಒಲೆಯಿಂದ ಜೋಳದ ನುಚ್ಚಿನ ಪಾತ್ರೆ ಇಳಿಸುತ್ತಿದ್ದಳು. ಶಾಲೆಗೆ ಹೊತ್ತಾಯಿತೆಂದು ನಾನು ಗಡಿಬಿಡಿ ಹಚ್ಚಿದ್ದೆ. ಪಾತ್ರೆ ವಾಲಿತು, ಬೀಳಬಾರದೆಂದು ಅವಳು ಬಲಗೈ ಒಡ್ಡಿದಳು. ಕುದಿಯುವ ನುಚ್ಚು ನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಗೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಕೂಡಲೇ ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿದು ದವಾಖಾನೆಗೆ ಓಡಬೇಕೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅವ್ವ ಬಂದಳು.

ಅವ್ವ ಮನೂರಿನ ಕಡೆಯವಳು, ಕುರಿ ಸಾಕಿದ ಮನೆತನ. ಜ್ವರ ಬಂದರೆ ಕಂಬಳಿ ಹೊದಿಸುವುದು, ಸುಟ್ಟರೆ ಕಂಬಳಿ ಸುಟ್ಟ ಬೂದಿ ಹಚ್ಚುವುದು. ನಮ್ಮವರಿಗೆ ಅರ್ಧ ಔಷಧ ಕುರಿಯ ಬೆನ್ನ ಮೇಲೆಯೇ ಬೆಳೆಯುತ್ತದೆ. ತೀರಿಹೋದ ಅಪ್ಪನ ಕಂಬಳಿಯ ಮೂಲೆ ಕತ್ತರಿಸಿ, ಸುಟ್ಟು, ಕುಸುಬಿ ಎಣ್ಣೆಯಲ್ಲಿ ಕಲಸಿದಳು. ಅವಳಿಗೆ ಬೇಡ ಎನ್ನಲು ಮೂರು ಭಾಷೆಗಳಲ್ಲಿ ಒಂದರಲ್ಲೂ ನನಗೆ ಮಾತು ಸಿಗಲಿಲ್ಲ. ಕಲಸಿದವಳು ಅವ್ವ, ಹಚ್ಚಿದವನು ನಾನು.

ಮೂರು ದಿನ ಶಾಂತಮ್ಮ ಉರಿಯಿಂದ ನರಳಿದಳು. ನಾಲ್ಕನೆಯ ದಿನ ಅಂಗೈಯ ನಡುವೆ ಒತ್ತಿ ನೋಡಿಕೊಂಡು, "ಅಂಚಿಗಷ್ಟ ಉರೀತದರಿ, ನಡುವ ಏನೂ ತಿಳಿಯವಲ್ದು" ಎಂದಳು.

"ಹಂಗಾದ್ರ ಆರಾಮ ಆಗಾಕ ಹತ್ಯಾದ" ಎಂದೆ ನಾನು.

ಅವ್ವ ದೇವರಿಗೆ ಕಾಯಿ ಒಡೆದಳು. ಅದರ ಕೊಬ್ಬರಿಯನ್ನು ನಾನೇ ಹೆಚ್ಚು ತಿಂದೆ.

ಎಂಟನೆಯ ದಿನ ಕೈಯಿಂದ ಕೆಟ್ಟ ವಾಸನೆ ಬರತೊಡಗಿದಾಗ ಜಹೀರಾಬಾದಿನ ಬಸ್ಸು ಹತ್ತಿದೆವು. ಡಾಕ್ಟರಮ್ಮ ಬೂದಿ ತೊಳೆದರು. ನಡುವೆ ಚರ್ಮ ಬೆಳ್ಳಗೆ, ಒಣಗಿದ ತೊಗಲಿನ ಹಾಗೆ ಬಿರುಸಾಗಿತ್ತು. ಇದನ್ನು ಹಚ್ಚಿದವರು ಯಾರು, ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಜೀವನದಲ್ಲಿ ಮೊದಲ ಸಲ ನಾನು ಗುಮಾಸ್ತನಾದೆ. ಹಲ್ಲು ಕಚ್ಚಿಕೊಂಡು ಕೂತಿದ್ದ ಶಾಂತಮ್ಮ, "ಸೈನ್ಸ್ ಸಾರ್ ಅದಾರ್ರಿ" ಎಂದಳು.

ಡಾಕ್ಟರಮ್ಮ ಬಯ್ಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಡ್ಡ ವಿದ್ಯಾರ್ಥಿಗೆ ಹೇಳುವಂತೆ ನಿಧಾನವಾಗಿ ಹೇಳಿದರು: ಹೊಸ ಚರ್ಮ ಗಾಯದ ಅಂಚಿನಿಂದಲೂ ಒಳಗುಳಿದ ಬೆವರಿನ ಗ್ರಂಥಿಗಳಿಂದಲೂ ಹುಟ್ಟಿ ಬರುತ್ತದೆ, ಇಲ್ಲಿ ಆ ಬೇರೇ ಸುಟ್ಟಿದೆ, ತೊಡೆಯ ಚರ್ಮ ತೆಗೆದು ಹಚ್ಚಬೇಕು. ಇದನ್ನೆಲ್ಲ ನಾನು ಹಲಗೆಯ ಮೇಲೆ ಬರೆದಿದ್ದೆ, ಇದೇ ಕ್ರಮದಲ್ಲಿ.

ಹಚ್ಚಿದ ಚರ್ಮ ಹಿಡಿಯಿತು, ಆದರೆ ಬಿಗಿದುಕೊಂಡಿತು. ವ್ಯಾಯಾಮ ಮಾಡಿದರೂ ಶಾಂತಮ್ಮನ ಬೆರಳುಗಳು ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಜೋಳದ ರೊಟ್ಟಿ ಬಡಿಯಲು ಅಂಗೈ ಹಾಸಿದಂತೆ ಬಿಚ್ಚಿಕೊಳ್ಳಬೇಕು. ಅವಳು ಬಡಿಯುವ ಸದ್ದು ಕೇಳಿ ಓಣಿಯವರು ಹೊತ್ತು ತಿಳಿಯುತ್ತಿದ್ದರು. ಆ ಸದ್ದು ನಿಂತ ಮನೆಯಲ್ಲಿ ಊಟಕ್ಕೆ ಕೂರಲು ನನಗೆ ನಾಚಿಕೆಯಾಗುತ್ತದೆ.

ಈಗ ರೊಟ್ಟಿ ನಾನೇ ಬಡಿಯುತ್ತೇನೆ. ಅವು ಯಾವ ಆಕಾರಕ್ಕೂ ಬರುವುದಿಲ್ಲ. ಮೊನ್ನೆ ಹಂಚಿಗೆ ಬೆರಳು ತಗುಲಿ ಓಣಿಗೆಲ್ಲ ಕೇಳುವಂತೆ ಅರಚಿದೆ. ಅವ್ವ ಕಂಬಳಿಯತ್ತ ನೋಡಿದಳು, ಏಳಲಿಲ್ಲ. ಶಾಂತಮ್ಮ ಎಡಗೈಯಿಂದ ನನ್ನ ರಟ್ಟೆ ಹಿಡಿದೆಳೆದು ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು.

"ನೋಯಾಕ ಹತ್ಯಾದೇನ್ರಿ?"

"ಭಾಳ ನೋಯಾಕ ಹತ್ಯಾದ."

"ಚೊಲೋ ಆತು. ಹಂಗಾದ್ರ ನಿಮ್ಮ ಚರ್ಮ ಇನ್ನಾ ಜೀವಂತ ಅದ."

ಎರಡು ಅಂಕದ ಪ್ರಶ್ನೆ. ಇಪ್ಪತ್ತು ನಿಮಿಷ ನೀರಿನ ಕೆಳಗೆ ಬೆರಳು ಹಿಡಿದು ನಿಂತರೂ ಅವಳ ಉತ್ತರದಲ್ಲಿ ನನಗೊಂದು ತಪ್ಪೂ ಸಿಗಲಿಲ್ಲ.