ಕುಡಿಯದವಳ ಲಿವರ್

ಲಿವರ್ ಕೆಟ್ಟಿದೆ ಎಂದು ಒಮ್ಮೆ ಬಾಯಿಬಿಟ್ಟ ಹೆಂಗಸಿಗೆ ಆಮೇಲೆ ತಮಾಷೆಗೆ ಬರಗಾಲವಿಲ್ಲ. ಕೊಟ್ಟೂರಿನಲ್ಲಿ ರವಿಕೆ ಹೊಲಿಯುವ ಅಂಗಡಿ ನನ್ನದು, ವಾರಕ್ಕೊಂದು ತಮಾಷೆ ಬಾಗಿಲಿಗೇ ಬರುತ್ತದೆ. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಮೊದಲು ಥೈರಾಯ್ಡ್ ಹಾಳುಮಾಡಿತು, ಈಗ ಲಿವರಿಗೆ ಕೈಹಾಕಿದೆ, ಇಂಥ ಕಾಯಿಲೆಗಳು ಜೊತೆಜೊತೆಗೆ ಬರುವುದುಂಟು ಎಂದು ದಾವಣಗೆರೆಯ ಡಾಕ್ಟರಮ್ಮ ಹೇಳಿದರು. ಗುಳಿಗೆ ನೀವಾಗಿಯೇ ನಿಲ್ಲಿಸಿದರೆ ಲಿವರ್ ಉಳಿಯುವುದಿಲ್ಲ ಎಂದೂ ಹೇಳಿದರು. ನನಗೆ ಹೆದರಿಕೆಯಾಯಿತು. ಊರಿಗೇನೂ ಆಗಲಿಲ್ಲ.

೧. ಕುಡಿದವರು ಯಾರು?

ಕೂಡ್ಲಿಗಿಯಿಂದ ಬಂದಿದ್ದ ಗಿರಾಕಿಯೊಬ್ಬಳು ಸುದ್ದಿ ಕೇಳಿ ದನಿ ತಗ್ಗಿಸಿದಳು.

"ಕುಡೀತಿದ್ರೇನ್ರಿ ಅಕ್ಕಾರ?"

"ಚಾ ಬಿಟ್ಟು ಏನೂ ಕುಡಿದಿಲ್ಲವ್ವ."

"ಹಂಗಾದ್ರ ನಿಮ್ಮ ಯಜಮಾನ್ರು?"

"ಅವರೂ ಇಲ್ಲ."

ಆಕೆ ತುಸು ಯೋಚಿಸಿ, "ಯಾರರ ಕುಡಿದಿರಬೇಕಲ್ರಿ ಮತ್ತ" ಎಂದಳು.

ಅಂಗಡಿಯಲ್ಲಿ ಆಡಿದ ಮಾತು ಬೀದಿಗೆ ಹೋಗಲು ಎಷ್ಟು ಹೊತ್ತು? ಆ ವಾರವೇ ಓಣಿಯ ಹಿರಿಯರೊಬ್ಬರು ನಮ್ಮ ಯಜಮಾನರ ಹೆಗಲ ಮೇಲೆ ಕೈಯಿಟ್ಟು ಬುದ್ಧಿ ಹೇಳಿದರಂತೆ: "ಕುಡಿ, ಬ್ಯಾಡನ್ನಂಗಿಲ್ಲ. ಆದ್ರ ಹೆಂಡ್ತಿ ಲಿವರ್ ಹೋಗೂ ಮಟ ಕುಡೀಬಾರದಪಾ."

೨. ಮೈ ತುಂಬುವ ಗುಳಿಗೆ

ಸ್ಟೀರಾಯ್ಡ್ ಗುಳಿಗೆಯಿಂದ ನನ್ನ ಮುಖ ಊದಿತು. ಊರಿಗೆಲ್ಲ ರವಿಕೆ ಹೊಲಿಯುವವಳು ನನ್ನ ರವಿಕೆಯ ಹೊಲಿಗೆಯನ್ನೇ ಮೂರು ಸಲ ಬಿಚ್ಚಿ ಸಡಿಲ ಮಾಡಿಕೊಂಡೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಜನಕ್ಕೆ ಮಾತ್ರ ನಾನು ಗಟ್ಟಿಮುಟ್ಟು. ಬಿಳಿಚಿಕೊಂಡು ನರಳಿದ್ದರೆ ಒಂದಿಷ್ಟು ಮರ್ಯಾದೆಯಾದರೂ ಸಿಗುತ್ತಿತ್ತು.

ಮಗಳ ಮದುವೆ ರವಿಕೆ ಕೊಡಲು ಹಗರಿಬೊಮ್ಮನಹಳ್ಳಿಯಿಂದ ಬಂದ ತಾಯಿಯೊಬ್ಬಳು ನನ್ನ ಕೆನ್ನೆಯನ್ನೇ ನೋಡಿದಳು.

"ಏನ್ ಮೈ ಹಿಡ್ಕೊಂಡೀರಿ. ಜಡ್ಡಿನ ಮಂದಿ ಹಿಂಗ ಇರ್ತಾರೇನ್ರಿ?"

"ಇದು ಗುಳಿಗಿಗೆ ಬಂದ ಊತವ್ವ."

"ಆ ಗುಳಿಗಿ ಹೆಸರು ಬರ್ಕೊಡ್ರಿ. ನಮ್ಮ ಹುಡುಗಿ ಭಾಳ ಬಡಕಲು ಅದಾಳ, ಲಗ್ನಕ್ಕ ಇನ್ನ ಒಂದು ತಿಂಗಳೈತಿ."

"ಅದು ಲಿವರ್ ಕೆಟ್ಟೋರಿಗೆ ಕೊಡೋದವ್ವ."

"ಅಡ್ಡಿಯಿಲ್ಲ ಬಿಡ್ರಿ" ಎಂದು ಆಕೆ ಬಟ್ಟೆಯ ಗಂಟನ್ನು ಮತ್ತೆ ಕಟ್ಟಿಕೊಂಡಳು. "ರವಿಕಿ ಅಳತಿ ಆಮ್ಯಾಲೆ ಕೊಡ್ತೀವಿ."

೩. ತವರಿನಿಂದ ಬಂದದ್ದು

ನಮ್ಮ ಮನೆಯಲ್ಲಿ ಅತ್ತೆಯದೇ ಹೈಕೋರ್ಟು. ಹಡಗಲಿ ಕಡೆ ಯಾರೋ ಕಾಮಾಲೆಗೆ ಮಜ್ಜಿಗೆಯಲ್ಲಿ ಬೇರು ಅರೆದು ಕೊಡುತ್ತಾರಂತೆ, ಅದಕ್ಕೆ ಮೊದಲು ಎಂಟು ದಿನ ಬೇರೆ ಗುಳಿಗೆ ಮುಟ್ಟಬಾರದಂತೆ. ಅಲ್ಲಿಗೆ ಹೋಗಲು ಅತ್ತೆ ಭಾನುವಾರ ಗೊತ್ತುಮಾಡಿಯೇಬಿಟ್ಟರು. ಗುಳಿಗೆ ನಿಲ್ಲಿಸುವುದಿಲ್ಲ ಎಂಬ ಪಟ್ಟು ನಾನು ಬಿಡಲಿಲ್ಲ, ಜೀವದ ಪ್ರಶ್ನೆ.

"ಹಂಗಾದ್ರ ಆ ಡಾಕ್ಟರಮ್ಮನ್ನ ನಾನ ಕೇಳ್ತೀನಿ, ನಡಿ" ಎಂದರು. ಹರಪನಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ದಾವಣಗೆರೆಗೆ ಹೋದೆವು.

ಡಾಕ್ಟರಮ್ಮ ಕೂರಿ ಎನ್ನುವ ಮೊದಲೇ ಅತ್ತೆ ಶುರುಮಾಡಿದರು. "ಈ ಜಡ್ಡು ನಮ್ಮ ಮನ್ಯಾಗ ಯಾರಿಗೂ ಇಲ್ರಿ. ಈಕಿ ತವರಿಂದ ತಂದಾಳ. ಎಂಟು ದಿನ ಗುಳಿಗಿ ಬಿಡಸ್ರಿ, ನಾವು ವಾಸಿ ಮಾಡ್ಕೊಂತೀವಿ."

ಡಾಕ್ಟರಮ್ಮನ ಕಣ್ಣು ಅತ್ತೆಯ ಊದಿದ ಬೆರಳಗಂಟುಗಳ ಮೇಲಿತ್ತು. "ಬೆಳಿಗ್ಗೆ ಬೆರಳು ಮಡಚೋಕೆ ಆಗುತ್ತಾ ಅಮ್ಮ?"

"ಎಲ್ಲೀದು, ಬಿಸಿನೀರಾಗ ಅದ್ದಿದ ಮ್ಯಾಲೆ ಮಡಚ್ತಾವ. ನನ್ನ ಸುದ್ದಿ ಯಾಕ್ರಿ ಈಗ?"

"ಇರಲಿ. ಇವರ ತವರಲ್ಲಿ ಯಾರಿಗಾದರೂ ಥೈರಾಯ್ಡ್ ಇದೆಯಾ?"

"ನನ್ನ ತಂಗಿಗೈತಿ."

"ನಿಮ್ಮ ತಂಗಿ ಅಲ್ಲ, ಸೊಸೆಯ ತವರು ಕೇಳಿದ್ದು."

"ಅದನ್ನ ಹೇಳಾಕತ್ತೀನ್ರಿ. ನಾ ಈಕಿ ಅಪ್ಪನ ಅಕ್ಕ. ತಮ್ಮನ ಮಗಳ್ನ ಸೊಸಿ ಮಾಡ್ಕೊಂಡೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಂದರೆ ಇವರ ತವರೂ ನಿಮ್ಮ ತವರೂ ಒಂದೇ ಮನೆ."

ಅತ್ತೆ ಊದಿದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಅವರ ರಕ್ತವೂ ಪರೀಕ್ಷೆಗೆ ಹೋಯಿತು. ಅವರದು ಕೀಲುಗಳ ಮೇಲೆ ತಿರುಗಿಬಿದ್ದ ಕಾಯಿಲೆ, ಜಾತಿ ನನ್ನ ಕಾಯಿಲೆಯದೇ.

ಹಡಗಲಿಯ ಭಾನುವಾರ ರದ್ದಾಯಿತು. ನನಗೆ ಹೋದ ಜೀವ ಬಂದಂತಾಯಿತು. ಈಗ ರೊಟ್ಟಿ ತಿಂದು ಇಬ್ಬರೂ ಎದುರುಬದುರು ಕೂತು ಗುಳಿಗೆ ನುಂಗುತ್ತೇವೆ. ನಾನು ಹತ್ತು ನಿಮಿಷ ತಡಮಾಡಿದರೆ ಅತ್ತೆ ಅಡಿಗೆಮನೆಯಿಂದಲೇ ಕೂಗುತ್ತಾರೆ.

ಮಾತಾಡಿಸಲು ಬಂದವರಿಗೆ ಕಾಯಿಲೆಯ ಮೂಲವನ್ನು ಈಗ ಅತ್ತೆಯೇ ವಿವರಿಸುತ್ತಾರೆ. "ನಮ್ಮ ತವರುಮನಿ ಜಡ್ಡಲ್ಲವ್ವ ಇದು. ನಮ್ಮವ್ವ ಬರೋವಾಗ ಆಕಿ ತವರಿಂದ ತಂದಾಳ."